ಬಂಡೆಯೊಳಗಿನ ಮನೆ, ಬಾಗಿಲ ಮೇಲಿನ ಕೊಂಬು

ಸಾರ್ಡೀನಿಯಾ ಮೆಡಿಟರೇನಿಯನ್ ಸಮುದ್ರದ ನಡುವಿನ ದ್ವೀಪ, ಇಂದು ಇಟಲಿಗೆ ಸೇರಿದೆ. ಅಲ್ಲಿನ ಗುಡ್ಡಗಳಲ್ಲಿ ಬಂಡೆ ಕೊರೆದು ಮಾಡಿದ 2,400ಕ್ಕೂ ಹೆಚ್ಚು ಸಮಾಧಿಗಳಿವೆ. ಹೆಚ್ಚಿನವು ಒಝಿಯೇರಿ ಸಂಸ್ಕೃತಿಯ ಕಾಲದವು, ಅಂದರೆ ಸುಮಾರು ಕ್ರಿ.ಪೂ. 4000ದಿಂದ 3200ರ ನಡುವಿನವು. ಆ ದ್ವೀಪದ ಜನ ಇವನ್ನು ‘ದೊಮುಸ್ ದೆ ಜಾನಸ್’, ಅಂದರೆ ಜಾನಸರ ಮನೆಗಳು, ಎನ್ನುತ್ತಾರೆ. ಅವರ ಜನಪದ ಕಥೆಗಳಲ್ಲಿ ‘ಜಾನಸ್’ ಎಂಬ ಪುಟಾಣಿ ಯಕ್ಷಿಣಿಯರು ಇಲ್ಲಿ ವಾಸಿಸುತ್ತಿದ್ದರು. ಬಾಗಿಲುಗಳಲ್ಲಿ ಬಹಳಷ್ಟು ಒಂದು ಮೀಟರಿಗಿಂತ ಗಿಡ್ಡ, ಆದ್ದರಿಂದ ಈ ಊಹೆ ಸಹಜವೇ. ನಮ್ಮ ಗಂಗಾವತಿ ಸಮೀಪದ ಹಿರೇಬೆಣಕಲ್ಲಿನ ಕಲ್ಲುಚಪ್ಪಡಿ ಗೋರಿಗಳನ್ನೂ ಜನ ಮೋರ್ಯರೆಂಬ ಕುಳ್ಳರ ಮನೆಗಳೆಂದೇ ಕರೆದರು. ಹಿರೇಬೆಣಕಲ್ಲಿನವು ಬಹಳ ಈಚಿನವು, ಕೊರೆದವಲ್ಲ, ಚಪ್ಪಡಿ ನಿಲ್ಲಿಸಿ ಕಟ್ಟಿದವು. ಆದರೂ ಗಿಡ್ಡ ಬಾಗಿಲು ಕಂಡ ಎರಡೂ ಕಡೆಯ ಜನಕ್ಕೆ ಹೊಳೆದದ್ದು ಒಂದೇ ಕಥೆ.

ಈ ಸಮಾಧಿಗಳ ಗೋಡೆಗಳಲ್ಲಿ ಎತ್ತಿನ ಕೊಂಬು, ಸುರುಳಿ, ಹುಸಿಬಾಗಿಲು (ತೆರೆಯದ, ಬರೀ ಕೆತ್ತಿದ ಬಾಗಿಲು), ತೊಲೆ, ಕಂಬ, ಸಣ್ಣ ಬಟ್ಟಲುಗುಳಿಗಳಿವೆ. ಇವುಗಳ ಅರ್ಥವೇನು ಎಂದು ಎಲ್ಲರೂ ಮೊದಲು ಕೇಳುತ್ತಾರೆ. ಅದಕ್ಕಿಂತ ಮುಂಚೆ ಕೇಳಬೇಕಾದ, ಉತ್ತರ ಸಿಗುವ ಪ್ರಶ್ನೆ ಬೇರೆಯಿದೆ: ಈ ಗುರುತು ಉಬ್ಬಿದೆಯೋ, ತಗ್ಗಿದೆಯೋ?

ಕೊರೆಯುವ ಕೆಲಸದಲ್ಲಿ ತೆಗೆದ ಕಲ್ಲನ್ನು ಮತ್ತೆ ಇಡಲಾಗದು. ಗೋಡೆಯ ಮೇಲೆ ಎರಡು ಸೆಂಟಿಮೀಟರ್ ಉಬ್ಬಿದ ಕೊಂಬು ಬೇಕೆಂದರೆ, ಅಷ್ಟು ದಪ್ಪದ ಕಲ್ಲನ್ನು ಆ ಜಾಗದಲ್ಲಿ ಮೊದಲೇ ಬಿಟ್ಟು, ಉಳಿದ ಇಡೀ ಗೋಡೆಯನ್ನು ಎರಡು ಸೆಂಟಿಮೀಟರ್ ಹಿಂದಕ್ಕೆ ಕುಟ್ಟಬೇಕು. ಹಾಗಾಗಿ ಉಬ್ಬುಗೆತ್ತನೆಯ ಕೊಂಬು ಬಹುಮಟ್ಟಿಗೆ ಕೋಣೆಯಷ್ಟೇ ಹಳೆಯದು; ಕೋಣೆಯ ಅಳತೆ ಹಾಕುವಾಗಲೇ ಅದರ ಜಾಗವೂ ನಿಶ್ಚಯವಾಗಿತ್ತು. ಗೀರಿದ ಗುರುತಿನ ಕಥೆ ಹಾಗಲ್ಲ. ಗೀರನ್ನು ಸಾವಿರ ವರ್ಷ ಬಿಟ್ಟು ಬಂದವನೂ ಹಾಕಬಹುದು. ಕೆರೆಮುಲೆಯ ಮೊಸೆದ್ದು ಸಮಾಧಿಗಳಲ್ಲಿ ಗೀರಿದ ಮನುಷ್ಯಾಕೃತಿಗಳನ್ನು ನೋಡುವಾಗ ಈ ಎಚ್ಚರ ಬೇಕೇ ಬೇಕು.

ಕೆಲಸದ ಪ್ರಮಾಣವನ್ನು ಒಂದು ಲೆಕ್ಕದಿಂದ ಅಂದಾಜಿಸಬಹುದು. ಎರಡು ಮೀಟರ್ ಉದ್ದ, ಎರಡು ಮೀಟರ್ ಅಗಲ, 1.2 ಮೀಟರ್ ಎತ್ತರದ ಸಾಧಾರಣ ಕೋಣೆಯೆಂದರೆ 4.8 ಘನ ಮೀಟರ್ ಕಲ್ಲು. ಮರಳುಗಲ್ಲಿನ ಘನ ಮೀಟರಿಗೆ 2.2 ಟನ್ ಹಿಡಿದರೆ ಹತ್ತು ಟನ್ನಿಗೂ ಹೆಚ್ಚು. ಅಷ್ಟನ್ನೂ ಒಬ್ಬರು ಬಗ್ಗಿ ನುಸುಳುವ ಕಂಡಿಯಿಂದ ಹೊರಗೆ ಸಾಗಿಸಬೇಕು. ಬಳಸಿದ್ದು ಗಟ್ಟಿ ಕಲ್ಲಿನ ಪಿಕಾಸಿಗಳು. ಇಂಥವು ಸಮಾಧಿಗಳೊಳಗೇ ಸಿಕ್ಕಿವೆ, ಅವುಗಳ ಏಟಿನ ಗುರುತು ಗೋಡೆಗಳಲ್ಲಿ ಇನ್ನೂ ಕಾಣುತ್ತದೆ. ಕಲ್ಲು ಯಾವುದೆಂಬುದರ ಮೇಲೆ ಕೆಲಸದ ಗತಿ ನಿಂತಿತ್ತು: ಮರಳುಗಲ್ಲು, ಸುಣ್ಣಕಲ್ಲು, ಜ್ವಾಲಾಮುಖಿಯ ಬೂದಿಕಲ್ಲು ಬೇಗ ಬಿಡುತ್ತವೆ, ಗ್ರಾನೈಟ್ ಅಷ್ಟು ಬೇಗ ಬಿಡುವುದಿಲ್ಲ. ಪದರದ ಕಲ್ಲಿನಲ್ಲಿ ಒಳಗಿನ ಬಿರುಕು ಹೊರಗೆ ಕಾಣದು. ಕಂಬಕ್ಕೆಂದು ಬಿಟ್ಟ ಭಾಗದಲ್ಲೇ ಬಿರುಕು ಹಾದುಹೋದರೆ ಕಂಬ ತುಂಡಾಗುತ್ತದೆ, ಚಾವಣಿಯ ಆಸರೆ ಹೋಗುತ್ತದೆ. ಪಕ್ಕದ ಸಮಾಧಿಯ ದಿಕ್ಕು ತಪ್ಪಾಗಿ ಅಂದಾಜಿಸಿದರೆ ನಡುಗೋಡೆ ತೂತಾಗುತ್ತದೆ.

ಆಲ್ಗೆರೋ ಪಟ್ಟಣದ ಬಳಿಯ ಆಂಗೆಲು ರೂಯು ಎಂಬ ಸಮಾಧಿಗಳ ನೆಲೆ ಇದಕ್ಕೆಲ್ಲ ಒಳ್ಳೆಯ ಉದಾಹರಣೆ. 1903ರಲ್ಲಿ ತೋಟದ ಮನೆಗೆ ಕಲ್ಲು ತೆಗೆಯುವಾಗ ಇದು ಬೆಳಕಿಗೆ ಬಂತು. ಮರುವರ್ಷದಿಂದ ಪುರಾತತ್ತ್ವಜ್ಞ ಆಂತೋನಿಯೋ ತಾರಾಮೆಲ್ಲಿ ಉತ್ಖನನ ನಡೆಸಿದರು. ಒಟ್ಟು 38 ಸಮಾಧಿಗಳಿವೆ. ಕೆಲವಕ್ಕೆ ಬಾವಿಯಂತೆ ಮೇಲಿನಿಂದ ಇಳಿಯಬೇಕು, ಮಿಕ್ಕವಕ್ಕೆ ಇಳಿಜಾರಿನ ಓಣಿಯಿದೆ. ಒಳಗೆ ಮುಂಗೋಣೆ, ಅದರ ಹಿಂದೆ ದೊಡ್ಡ ಕೋಣೆ, ಅದರ ಸುತ್ತ ಸಣ್ಣ ಕೋಣೆಗಳು. ಬಾಗಿಲ ಸುತ್ತ ಕೆತ್ತಿದ ಚೌಕಟ್ಟಿನ ತಗ್ಗಿನಲ್ಲಿ ಕಲ್ಲಿನ ಚಪ್ಪಡಿ ಕೂರಿಸಿ ಮುಚ್ಚುತ್ತಿದ್ದರು, ಇನ್ನೊಂದು ಶವ ಬಂದಾಗ ಸರಿಸುತ್ತಿದ್ದರು. ಕೆಲವು ಸಮಾಧಿಗಳಲ್ಲಿ ಎತ್ತಿನ ತಲೆಗಳು ಉಬ್ಬಿ ನಿಂತಿವೆ.

ಕೊಂಬಿನಷ್ಟೇ, ನಮ್ಮ ಎಣಿಕೆಯಲ್ಲಿ ಅದಕ್ಕಿಂತಲೂ, ಬೆಲೆಯುಳ್ಳದ್ದು ಚಾವಣಿ. ಪುತಿಫಿಗಾರಿಯ ಸಿಂಕಾಂತು ಸಮಾಧಿಯ ಚಾವಣಿ ಎರಡು ಕಡೆಗೆ ಇಳಿಜಾರಾಗಿದೆ. ನಡುವೆ ತೊಲೆ, ಅದರಿಂದ ಎರಡೂ ಬದಿಗೆ ಇಳಿಯುವ ಜಂತೆಗಳು, ಎಲ್ಲವೂ ಕಲ್ಲಿನಲ್ಲಿ. ಒಳಗೋಡೆಯಲ್ಲಿ ತೆರೆಯದ ಒಂದು ಬಾಗಿಲು, ಅದರ ಮೇಲೆ ಕೊಂಬುಗಳು, ಅಲ್ಲಲ್ಲಿ ಉಳಿದ ಬಣ್ಣ. ಬೊನೋರ್ವಾದ ಸಂತಾಂದ್ರೆಯಾ ಪ್ರಿಯುವಿನ ಸಮಾಧಿಯೊಂದರ ಚಾವಣಿಯಲ್ಲಿ ದುಂಡು ಗುಡಿಸಲಿನ ಹಾಗೆ ಜಂತೆಗಳು ಸುತ್ತಲೂ ಹರಡಿವೆ. ಇವು ಯಾವ ಭಾರವನ್ನೂ ಹೊರುವುದಿಲ್ಲ. ಬಂಡೆಗೆ ಜಂತೆಯ ಅಗತ್ಯವೂ ಇಲ್ಲ. ಆದರೂ ಬಿಟ್ಟಿದ್ದಾರೆ, ಸತ್ತವರಿಗೆ ಬದುಕಿದ್ದಾಗಿನ ಮನೆಯೇ ಬೇಕೆಂದು. ಆ ಕಾಲದ ಮರದ ಸೂರುಗಳು ಕೊಳೆತು ಹೋಗಿವೆ. ಒಝಿಯೇರಿ ಜನರ ಮನೆಯ ಮಾಡು ಹೇಗಿತ್ತೆಂದು ಇಂದು ತಿಳಿಯುವುದಿದ್ದರೆ ಅವರ ಸಮಾಧಿಗಳಲ್ಲೇ ನೋಡಬೇಕು.

ಕೊಂಬಿನ ರೂಪಗಳೂ ಒಂದೇ ತೆರನಾಗಿಲ್ಲ. ಕೆಲವು ಎತ್ತಿನ ಮುಖವನ್ನು ಹೋಲುತ್ತವೆ, ಕೆಲವು ಬರೀ ಬಾಗಿದ ಎರಡು ಗೆರೆ, ಇನ್ನು ಕೆಲವು ನೇರ ಕೋನಗಳು. ಸಹಜ ರೂಪದಿಂದ ಸರಳ ರೂಪದ ಕಡೆಗೆ ಕಾಲಕ್ರಮದಲ್ಲಿ ಸಾಗಿದವು ಎಂಬ ವರ್ಗೀಕರಣ ರೂಢಿಯಲ್ಲಿದೆ. ಅದನ್ನು ಕಾಲನಿರ್ಣಯದ ಏಕೈಕ ಅಳತೆಗೋಲಾಗಿ ಹಿಡಿಯುವುದು ಅಪಾಯ: ಒರಟು ಕಲ್ಲಿನಲ್ಲಿ ನವುರಾದ ಮುಖ ಮೂಡುವುದೇ ಇಲ್ಲ. ಕೊಂಬುಗಳ ಸ್ಥಾನವೇ ಹೆಚ್ಚು ನಂಬಲರ್ಹ ಸಾಕ್ಷಿ. ಅವು ಬಹಳ ಕಡೆ ಬಾಗಿಲ ಮೇಲೆ, ಹುಸಿಬಾಗಿಲ ಸುತ್ತ, ಕಂಬದ ಮೇಲೆ ಇವೆ. ಅಂದರೆ ದಾಟುವ ಜಾಗಗಳಲ್ಲಿ ಮತ್ತು ಆಸರೆಯ ಜಾಗಗಳಲ್ಲಿ. ತೀಯೆಸಿಯ ಮಂದ್ರಾ ಆಂತಿನೆಯಲ್ಲಿ ಕೊಂಬನ್ನು ಕೆತ್ತದೆ ಕೆಂಪು ಬಣ್ಣದಲ್ಲಿ ಬರೆದಿದ್ದಾರೆ. ಅಲ್ಲಿಯೂ ಅದರ ಜಾಗ ಹುಸಿಬಾಗಿಲ ಸುತ್ತಲೇ.

ಕಾಲನಿರ್ಣಯ ತಪ್ಪುವುದು ಹೆಚ್ಚಾಗಿ ಮೂಳೆಗಳಿಂದ. ರೇಡಿಯೋಕಾರ್ಬನ್ ಪರೀಕ್ಷೆ ಮೂಳೆಯ ಕಾಲ ಹೇಳುತ್ತದೆ, ಗೋಡೆಯದ್ದಲ್ಲ. ಹಳೆಯ ಅಸ್ಥಿಗಳನ್ನು ಬದಿಗೆ ಸರಿಸಿ ಹೊಸಬರನ್ನು ಮಲಗಿಸುವುದು ತಾಮ್ರಯುಗದಲ್ಲೂ ಕಂಚಿನ ಯುಗದಲ್ಲೂ ನಡೆಯಿತು. ಮುಂದೆ ಕುರುಬರು ಕುರಿ ಕೂಡಿದರು, ಬೆಂಕಿ ಹಾಕಿದರು. ಅವರ ಮಸಿ ಮೂಲದ ಕಪ್ಪು ಬಣ್ಣವೆಂದು ಕಾಣಬಹುದು. ಮಸಿ ಗೀರಿನ ಒಳಕ್ಕೂ ಉಬ್ಬಿನ ಮೇಲಕ್ಕೂ ಒಂದೇ ಸಮ ಹರಡಿದ್ದರೆ ಸಂಶಯ ಪಡಬೇಕು. ಗಾಳಿ, ಉಪ್ಪು ಕೊರೆದ ಗುಳಿಯನ್ನು ಬಟ್ಟಲುಗುಳಿಯೆಂದು ಎಣಿಸುವುದು ಇನ್ನೊಂದು ಸಾಮಾನ್ಯ ತಪ್ಪು. ಒಳಮೈಯಲ್ಲಿ ಕುಟ್ಟಿದ ಚುಕ್ಕೆಗಳಿವೆಯೇ ನೋಡಿದರೆ ಅನುಮಾನ ಬಹುತೇಕ ಪರಿಹಾರ.

ಗುರುತುಗಳನ್ನು ದಾಖಲಿಸಲು ದೀಪವನ್ನು ಗೋಡೆಗೆ ಎದುರಾಗಿ ಹಿಡಿಯಬಾರದು. ಗೋಡೆಗೆ ಹತ್ತಿಸಿದಂತೆ, ಹತ್ತರಿಂದ ಇಪ್ಪತ್ತು ಡಿಗ್ರಿ ಕೋನದಲ್ಲಿ ಬೆಳಕು ಬಿಟ್ಟರೆ ಅರ್ಧ ಮಿಲಿಮೀಟರ್ ಗೀರೂ ನೆರಳು ಬೀಳಿಸುತ್ತದೆ. ಬೆಳಕಿಗೆ ಸಮಾನಾಂತರವಾಗಿರುವ ಗೆರೆಗೆ ನೆರಳಿಲ್ಲ, ಆದ್ದರಿಂದ ಕನಿಷ್ಠ ನಾಲ್ಕು ದಿಕ್ಕಿನಿಂದ ಚಿತ್ರ ತೆಗೆಯಬೇಕು. ಸೀಮೆಸುಣ್ಣ ತುಂಬುವುದು, ಕಾಗದ ಒತ್ತಿ ಉಜ್ಜುವುದು ಬೇಡವೇ ಬೇಡ. ಕಾವಿಮಣ್ಣಿನ ಕೆಂಪು ಅದರೊಂದಿಗೇ ಉದುರುತ್ತದೆ. ದೀಪವನ್ನು ಸದಾ ಉರಿಸಿಟ್ಟರೆ ತೇವದ ಗೋಡೆಯಲ್ಲಿ ಪಾಚಿ ಹಬ್ಬುತ್ತದೆ.

2025ರಲ್ಲಿ ಈ ಸಮಾಧಿಗಳಲ್ಲಿ ಆಯ್ದ ಕೆಲವು ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಮೇಲೆ ನೋಡಲು ಬರುವವರು ಹೆಚ್ಚಾಗುವುದು ಸಹಜ, ಉಸಿರಿನ ತೇವವೂ ಹೆಚ್ಚುತ್ತದೆ. ಇದಕ್ಕಿಂತ ಕಠಿಣ ಸಮಸ್ಯೆ ಸಂತಾಂದ್ರೆಯಾ ಪ್ರಿಯುವಿನ ‘ಮುಖ್ಯಸ್ಥನ ಸಮಾಧಿ’ಯದು. ಸುಮಾರು 250 ಚದರ ಮೀಟರ್ ಹರಹಿನ ಆ ಸಮಾಧಿ ಮುಂದೆ ಚರ್ಚ್ ಆಯಿತು, ಗೋಡೆಗೆ ಗಾರೆ ಬಳಿದು ಕ್ರೈಸ್ತ ಭಿತ್ತಿಚಿತ್ರ ಬರೆದರು. ಗಾರೆಯ ಅಡಿಯ ಗೋಡೆ ನೋಡಲು ಗಾರೆ ಕೀಳಬೇಕು, ಕಿತ್ತರೆ ಚಿತ್ರ ನಾಶ. ಹಾಗಾಗಿ ಅಲ್ಲಿ ಗಾರೆ ತಾನಾಗಿ ಉದುರಿದ ಕಡೆ ಮಾತ್ರ ಬಂಡೆಯನ್ನು ಓದುವುದು ಸರಿ.