‘ಹೆಣ್ಣಿಗೆ ಇದೆಲ್ಲ ಸಹಜ’: ಒಂದು ಮಾತಿನ ಮರೆಯಲ್ಲಿ ಉಳಿದ ಕಾಯಿಲೆಗಳು

ಮುಟ್ಟಿನ ಹೊಟ್ಟೆನೋವು, ಬಸುರಿಯ ಸುಸ್ತು, ಬಾಣಂತಿಯ ಅಳು, ಮುಟ್ಟು ನಿಲ್ಲುವ ವಯಸ್ಸಿನ ನಿದ್ದೆಗೆಟ್ಟ ರಾತ್ರಿಗಳು, ಮುಪ್ಪಿನಲ್ಲಿ ಬಾಗುವ ಬೆನ್ನು. ಇವೆಲ್ಲಕ್ಕೂ ಬಹುಕಾಲ ಸಿಕ್ಕ ಉತ್ತರ ಒಂದೇ: ಹೆಣ್ಣಾದ ಮೇಲೆ ಇದೆಲ್ಲ ಇದ್ದದ್ದೇ. ಈ ಉತ್ತರ ಪೂರ್ತಿ ಸುಳ್ಳಲ್ಲ, ಅದರ ಅಪಾಯವಿರುವುದೂ ಅಲ್ಲಿಯೇ. ಮುಟ್ಟು, ಬಸಿರು, ಹೆರಿಗೆ, ಮುಟ್ಟು ನಿಲ್ಲುವುದು ಇವು ಯಾವುವೂ ಕಾಯಿಲೆಗಳಲ್ಲ. ಆದರೆ ಸಹಜವಾದ ಸಂಗತಿಯ ಬೆನ್ನಿಗೆ ಬರುವ ತೊಂದರೆಯೂ ಸಹಜವೇ ಎಂದು ಒಪ್ಪಿಕೊಂಡುಬಿಟ್ಟರೆ ಅದನ್ನು ಅಳೆದು ನೋಡುವ ಅಗತ್ಯ ಯಾರಿಗೂ ಕಾಣುವುದಿಲ್ಲ. ಅಳೆಯದ್ದಕ್ಕೆ ಹೆಸರು ಹುಟ್ಟುವುದಿಲ್ಲ, ಹೆಸರಿಲ್ಲದ್ದಕ್ಕೆ ಮದ್ದು ಹುಡುಕುವವರಿರುವುದಿಲ್ಲ. ಹೆಣ್ಣುಮಕ್ಕಳ ಆರೋಗ್ಯದ ಚರಿತ್ರೆಯಲ್ಲಿ ಮುಖ್ಯ ತಿರುವುಗಳು ಬಂದದ್ದು ಯಾರಾದರೊಬ್ಬರು ತಾಳ್ಮೆಯಿಂದ ಎಣಿಸಲು, ಅಳೆಯಲು ಕುಳಿತಾಗ.

ಮೊದಲು ಹರೆಯದ ಹುಡುಗಿಯರನ್ನೇ ನೋಡೋಣ. 1554ರಲ್ಲಿ ಯೊಹಾನ್ನೆಸ್ ಲಾಂಗ ಎಂಬ ಜರ್ಮನ್ ವೈದ್ಯ, ಮುಖ ಬಿಳಿಚಿಕೊಂಡ, ಮೆಟ್ಟಿಲು ಹತ್ತಿದರೆ ಏದುಸಿರು ಬಿಡುವ, ಊಟ ಸೇರದ ಎಳೆಯ ಹುಡುಗಿಯರ ಸ್ಥಿತಿಯನ್ನು ‘ಕನ್ಯೆಯರ ಕಾಯಿಲೆ’ ಎಂದು ವರ್ಣಿಸಿದ. ಆತ ಸೂಚಿಸಿದ ಚಿಕಿತ್ಸೆ ಮದುವೆ. ಮುಂದೆ ಇದೇ ಕಾಯಿಲೆಗೆ ‘ಕ್ಲೋರೋಸಿಸ್’ ಎಂಬ ಹೆಸರು ಬಂದು ಮೂರು ಶತಮಾನ ಉಳಿಯಿತು. 1832ರಲ್ಲಿ ಫ್ರಾನ್ಸಿನ ಪಿಯರ್ ಬ್ಲೋ ಕಬ್ಬಿಣದ ಲವಣದ ಗುಳಿಗೆಗಳನ್ನು ಕೊಟ್ಟು ಇಂಥ ರೋಗಿಗಳನ್ನು ಗುಣಪಡಿಸಿದ್ದನ್ನು ಪ್ರಕಟಿಸಿದರೂ, ಕಾಯಿಲೆಯ ಮೂಲ ಹುಡುಗಿಯ ಸ್ವಭಾವದಲ್ಲಿದೆ, ಅವಳ ಮನಸ್ಸಿನಲ್ಲಿದೆ ಎನ್ನುವವರು ಕಡಿಮೆಯಾಗಲಿಲ್ಲ. ಅವರಲ್ಲಿ ಬಹುಪಾಲು ಹುಡುಗಿಯರನ್ನು ಕಾಡಿದ್ದು ಕಬ್ಬಿಣದ ಕೊರತೆಯ ರಕ್ತಹೀನತೆ ಎಂಬುದು ಇಂದಿನ ತಿಳಿವಳಿಕೆ.

ಇದರ ಲೆಕ್ಕ ಸರಳವಾಗಿದೆ. ಒಂದು ಮಿಲಿಲೀಟರ್ ರಕ್ತದಲ್ಲಿ ಸುಮಾರು ಅರ್ಧ ಮಿಲಿಗ್ರಾಂ ಕಬ್ಬಿಣವಿರುತ್ತದೆ. ಸಾಮಾನ್ಯ ಮುಟ್ಟಿನಲ್ಲಿ 30ರಿಂದ 40 ಮಿಲಿಲೀಟರ್ ರಕ್ತ ಹೋಗುತ್ತದೆ. 80 ಮಿಲಿಲೀಟರ್ ದಾಟಿದರೆ ಅದು ಅತಿಸ್ರಾವ. ಅಂದರೆ ಅತಿಸ್ರಾವವಿರುವ ಹುಡುಗಿ ತಿಂಗಳಿಗೆ 40 ಮಿಲಿಗ್ರಾಂನಷ್ಟು ಕಬ್ಬಿಣವನ್ನು ಕಳೆದುಕೊಳ್ಳುತ್ತಾಳೆ. ಊಟದಿಂದ ಮೈಗೆ ಹತ್ತುವ ಕಬ್ಬಿಣ ದಿನಕ್ಕೆ ಒಂದೆರಡು ಮಿಲಿಗ್ರಾಂ ಮಾತ್ರವಾದ್ದರಿಂದ, ಬೆಳೆಯುವ ದೇಹದ ಅಗತ್ಯವನ್ನೂ ತೀರಿಸಿ ಈ ನಷ್ಟವನ್ನೂ ತುಂಬಿಕೊಳ್ಳುವುದು ಕಷ್ಟ. ಹಿಮೋಗ್ಲೋಬಿನ್ ಇಳಿಯುವ ಮೊದಲೇ ದಾಸ್ತಾನು ಬರಿದಾಗಿರುತ್ತದೆ, ಅದನ್ನು ತೋರಿಸುವುದು ಫೆರಿಟಿನ್ ಪರೀಕ್ಷೆ. ಆದರೆ ತನ್ನ ಸ್ರಾವ ಹೆಚ್ಚೋ ಕಡಿಮೆಯೋ ಎಂದು ಹೋಲಿಸಿ ನೋಡಲು ಆ ಹುಡುಗಿಯ ಬಳಿ ಯಾವ ಅಳತೆಗೋಲೂ ಇರುವುದಿಲ್ಲ. ಅಮ್ಮನಿಗೂ ಅಕ್ಕನಿಗೂ ಹಾಗೆಯೇ ಆಗುತ್ತಿತ್ತು ಎಂಬುದಷ್ಟೇ ಅವಳಿಗೆ ಗೊತ್ತು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 15ರಿಂದ 49 ವಯಸ್ಸಿನ ಹೆಣ್ಣುಮಕ್ಕಳಲ್ಲಿ ಇಂದಿಗೂ ಸುಮಾರು ಶೇಕಡಾ 30ರಷ್ಟು ಮಂದಿಗೆ ರಕ್ತಹೀನತೆ ಇದೆ. ಇಷ್ಟು ಹಳೆಯ, ಇಷ್ಟು ಸುಲಭವಾಗಿ ಪತ್ತೆಯಾಗುವ ಕಾಯಿಲೆ ಇಷ್ಟೊಂದು ಮಂದಿಯಲ್ಲಿ ಉಳಿದುಕೊಂಡಿರುವುದು ನನಗೆ ಈ ಇಡೀ ಚರಿತ್ರೆಯ ಅತ್ಯಂತ ನೋವಿನ ಭಾಗವಾಗಿ ಕಾಣುತ್ತದೆ.

ಮುಟ್ಟಿನ ನೋವಿನ ಕಥೆಯೂ ಹೆಚ್ಚು ಬೇರೆಯಲ್ಲ. ಇಪ್ಪತ್ತನೆಯ ಶತಮಾನದ ಮಧ್ಯದವರೆಗೂ ಅದನ್ನು ಮನಸ್ಸಿನ ದೌರ್ಬಲ್ಯವೆಂದು, ಹೆಣ್ಣುತನವನ್ನು ಒಪ್ಪಿಕೊಳ್ಳಲಾಗದ ಹಟವೆಂದು ವಿವರಿಸುವವರಿದ್ದರು. 1957ರಲ್ಲಿ ಪಿಕಲ್ಸ್ ಎಂಬ ಬ್ರಿಟಿಷ್ ವಿಜ್ಞಾನಿ ಮುಟ್ಟಿನ ಸ್ರಾವದಲ್ಲೇ ಸ್ನಾಯುವನ್ನು ಹಿಂಡುವ ವಸ್ತುವೊಂದಿದೆ ಎಂದು ತೋರಿಸಿದರು. ಪ್ರೊಸ್ಟಗ್ಲಾಂಡಿನ್ ಗುಂಪಿನ ಈ ರಾಸಾಯನಿಕಗಳು ಗರ್ಭಕೋಶದ ಗೋಡೆಯನ್ನು ಎಷ್ಟು ಬಿಗಿಯಾಗಿ ಸಂಕುಚಿಸುತ್ತವೆಂದರೆ, ರಕ್ತನಾಳಗಳು ಅದುಮಿಕೊಂಡು ಸ್ನಾಯುವಿಗೆ ಆಮ್ಲಜನಕ ಸಾಲದಾಗುತ್ತದೆ. ನೋವು ಹುಟ್ಟುವುದು ಹೀಗೆ. ಪ್ರೊಸ್ಟಗ್ಲಾಂಡಿನ್ ಉತ್ಪತ್ತಿಯನ್ನೇ ತಡೆಯುವ ಐಬುಪ್ರೊಫೆನ್‌ನಂಥ ಮಾತ್ರೆಗಳು ಬಹಳ ಮಂದಿಗೆ ಗುಣ ಕೊಡುವುದೂ ಅದಕ್ಕಾಗಿಯೇ.

ಹಾಗೆ ಮಾತ್ರೆಯಿಂದ ಗುಣವಾಗದ ನೋವೂ ಒಂದಿದೆ. ಗರ್ಭಕೋಶದ ಒಳಪದರವನ್ನು ಹೋಲುವ ಅಂಗಾಂಶ ಅಂಡಾಶಯದ ಮೇಲೆ, ಕರುಳಿನ ಮೇಲೆ, ಕಿಬ್ಬೊಟ್ಟೆಯ ಪೊರೆಯ ಮೇಲೆ ಬೆಳೆಯುವ ಎಂಡೊಮೆಟ್ರಿಯೋಸಿಸ್, ಹೆರುವ ವಯಸ್ಸಿನ ಹತ್ತು ಹೆಂಗಸರಲ್ಲಿ ಒಬ್ಬರಿಗಿದೆ ಎಂಬುದು ಸದ್ಯದ ಅಂದಾಜು. ಅಮೆರಿಕದ ಜಾನ್ ಸ್ಯಾಂಪ್ಸನ್ ಇದನ್ನು 1920ರ ದಶಕದಲ್ಲೇ ವಿವರವಾಗಿ ಬರೆದು, ಮುಟ್ಟಿನ ರಕ್ತ ಗರ್ಭನಾಳದ ಮೂಲಕ ಹಿಮ್ಮುಖವಾಗಿ ಹರಿಯುವುದೇ ಕಾರಣವಿರಬೇಕೆಂದು ವಾದಿಸಿದ್ದರು. ಅಷ್ಟಾದರೂ ಮೊದಲ ನೋವಿನಿಂದ ಕಾಯಿಲೆಯ ಹೆಸರು ತಿಳಿಯುವವರೆಗೆ ಈಗಲೂ ಹಲವು ವರ್ಷಗಳೇ ಕಳೆಯುತ್ತವೆ. ಹೊಟ್ಟೆಗೆ ಸಣ್ಣ ರಂಧ್ರ ಮಾಡಿ ಕ್ಯಾಮೆರಾ ಇಳಿಸುವ ಲ್ಯಾಪರೊಸ್ಕೋಪಿ ಮಾಡಿ ಕಣ್ಣಾರೆ ಕಾಣದ ಹೊರತು ರೋಗನಿರ್ಣಯವಿಲ್ಲ ಎಂಬ ಹಳೆಯ ಪಟ್ಟನ್ನು ಯುರೋಪಿನ ತಜ್ಞರ ಮಾರ್ಗಸೂಚಿ ಸಡಿಲಿಸಿದ್ದು 2022ರಲ್ಲಿ. ಪಿಸಿಓಎಸ್ (ಪಾಲಿಸಿಸ್ಟಿಕ್ ಓವರಿ ಸಿಂಡ್ರೋಮ್, ಅಂದರೆ ‘ಹಲವು ಗಂಟುಗಳ ಅಂಡಾಶಯ’ದ ತೊಂದರೆ) ವಿಷಯದಲ್ಲಿ ದಾರಿ ತಪ್ಪಿಸಿದ್ದು ಅದರ ಹೆಸರೇ. 1935ರಲ್ಲಿ ಷಿಕಾಗೋದ ಸ್ಟೈನ್ ಮತ್ತು ಲೆವೆಂಥಾಲ್ ಏಳು ಹೆಂಗಸರ ಅಂಡಾಶಯಗಳನ್ನು ನೋಡಿ ವಿವರಿಸಿದ ‘ಗಂಟು’ಗಳು ನಿಜಕ್ಕೂ ಗಂಟುಗಳಲ್ಲ, ಅರ್ಧಕ್ಕೇ ಬೆಳವಣಿಗೆ ನಿಂತ, ಅಂಡಾಣುವನ್ನು ಹೊತ್ತ ಪುಟ್ಟ ಚೀಲಗಳು. ತೊಂದರೆಯ ಬೇರು ಹಾರ್ಮೋನು ಮತ್ತು ಇನ್ಸುಲಿನ್ ವ್ಯವಸ್ಥೆಯಲ್ಲಿದೆ, ಆದ್ದರಿಂದ ಅದು ಮಕ್ಕಳಾಗುವ ವಯಸ್ಸು ದಾಟಿದ ಮೇಲೂ ಸಕ್ಕರೆ ಕಾಯಿಲೆಯ ಅಪಾಯವಾಗಿ ಉಳಿಯುತ್ತದೆ.

ಹೆರಿಗೆಯ ವಿಷಯಕ್ಕೆ ಬಂದರೆ ಎಣಿಕೆಯ ಬಲ ಕಣ್ಣಿಗೆ ಕಟ್ಟಿದಂತೆ ಕಾಣುತ್ತದೆ. 1840ರ ದಶಕದ ವಿಯೆನ್ನಾ ಸಾರ್ವಜನಿಕ ಆಸ್ಪತ್ರೆಯಲ್ಲಿ ಎರಡು ಹೆರಿಗೆ ವಿಭಾಗಗಳಿದ್ದವು. ಮೊದಲನೆಯದು ವೈದ್ಯ ವಿದ್ಯಾರ್ಥಿಗಳದ್ದು, ಎರಡನೆಯದು ಸೂಲಗಿತ್ತಿಯರದ್ದು. ಯಾವ ದಿನ ಯಾವ ವಿಭಾಗಕ್ಕೆ ದಾಖಲಾತಿ ಎಂಬುದು ಸರದಿಯ ಮೇಲೆ ನಿಗದಿಯಾಗುತ್ತಿತ್ತು, ಮತ್ತು ಆ ಸರದಿ ನಗರದ ಹೆಂಗಸರಿಗೆಲ್ಲ ಗೊತ್ತಿತ್ತು. ಮೊದಲನೆಯ ವಿಭಾಗದ ದಿನ ಬಂದವರು ಮಂಡಿಯೂರಿ, ಕೈಮುಗಿದು, ತಮ್ಮನ್ನು ಅಲ್ಲಿಗೆ ಮಾತ್ರ ಕಳಿಸಬೇಡಿ ಎಂದು ಬೇಡಿಕೊಳ್ಳುತ್ತಿದ್ದರು. ಅಲ್ಲಿ ನೂರಕ್ಕೆ ಸುಮಾರು ಹತ್ತು ಬಾಣಂತಿಯರು ಜ್ವರ ಬಂದು ಸಾಯುತ್ತಿದ್ದರು; ಸೂಲಗಿತ್ತಿಯರ ವಿಭಾಗದಲ್ಲಿ ಸಾಯುತ್ತಿದ್ದವರು ನಾಲ್ವರು. ದಾರಿಯಲ್ಲೇ ಹೆತ್ತು ಬಂದವರು ಇವರಿಗಿಂತ ಕ್ಷೇಮವಾಗಿರುತ್ತಿದ್ದರು. ಕೆಟ್ಟ ಗಾಳಿ, ಹೆದರಿಕೆ, ಬಾಣಂತಿಯ ಮೈಗುಣ ಎಂದೆಲ್ಲ ಕಾರಣಗಳನ್ನು ಕೊಡುತ್ತಿದ್ದವರ ನಡುವೆ, ಇಗ್ನಾಟ್ಸ್ ಸೆಮ್ಮೆಲ್‌ವೈಸ್ ಎಂಬ ಯುವ ವೈದ್ಯ ದಾಖಲೆ ಪುಸ್ತಕಗಳನ್ನು ಮುಂದಿಟ್ಟುಕೊಂಡು ಈ ಎರಡು ವಿಭಾಗಗಳ ಅಂತರವನ್ನು ಲೆಕ್ಕಹಾಕಿದರು. 1847ರಲ್ಲಿ ಅವರ ಗೆಳೆಯ ಕೊಲ್ಲೆಚ್ಕಾ ಶವಪರೀಕ್ಷೆಯ ವೇಳೆ ಚಾಕು ತಗುಲಿ, ಬಾಣಂತಿಯರಲ್ಲಿ ಕಾಣುತ್ತಿದ್ದ ಲಕ್ಷಣಗಳಿಂದಲೇ ತೀರಿಕೊಂಡಾಗ ಕಾರಣ ಹೊಳೆಯಿತು: ವಿದ್ಯಾರ್ಥಿಗಳು ಶವಾಗಾರದಿಂದ ನೇರವಾಗಿ ಹೆರಿಗೆ ಕೋಣೆಗೆ ಬರುತ್ತಿದ್ದರು. ಕ್ಲೋರಿನ್ ನೀರಿನಲ್ಲಿ ಕೈ ತೊಳೆಯುವ ನಿಯಮ ಬಂದ ಮೇಲೆ, ಏಪ್ರಿಲ್‌ನಲ್ಲಿ ಶೇಕಡಾ 18ರಷ್ಟಿದ್ದ ಸಾವು ಜೂನ್ ಹೊತ್ತಿಗೆ ಶೇಕಡಾ 2ರ ಆಸುಪಾಸಿಗೆ ಇಳಿಯಿತು. ಆದರೂ ತಮ್ಮ ಕೈಯೇ ಸಾವಿನ ವಾಹಕ ಎಂಬುದನ್ನು ಆ ಕಾಲದ ಹಿರಿಯ ವೈದ್ಯರಲ್ಲಿ ಹೆಚ್ಚಿನವರು ಒಪ್ಪಲಿಲ್ಲ. ಸೆಮ್ಮೆಲ್‌ವೈಸ್ 1865ರಲ್ಲಿ ಹುಚ್ಚಾಸ್ಪತ್ರೆಯೊಂದರಲ್ಲಿ ಕೊನೆಯುಸಿರೆಳೆದರು.

ಸೋಂಕಿಗೆ 1930ರ ದಶಕದಲ್ಲಿ ಸಲ್ಫಾ ಔಷಧಗಳು ಬಂದವು, ಆನಂತರ ಪೆನ್ಸಿಲಿನ್ ಬಂತು. ಉಳಿದ ದೊಡ್ಡ ಶತ್ರು ರಕ್ತಸ್ರಾವ. ಹೆರಿಗೆಯಲ್ಲಿ ರಕ್ತ ಹೋಗುವುದು ಸಹಜ, ಎಷ್ಟು ಹೋದರೆ ಸಹಜವಲ್ಲ ಎಂಬುದನ್ನು ಕಣ್ಣಂದಾಜಿನಲ್ಲೇ ನಿರ್ಧರಿಸಲಾಗುತ್ತಿತ್ತು, ಆ ಅಂದಾಜು ಬಹಳ ಸಲ ಕಡಿಮೆಯಾಗಿರುತ್ತಿತ್ತು. ಕೀನ್ಯಾ, ನೈಜೀರಿಯಾ, ದಕ್ಷಿಣ ಆಫ್ರಿಕಾ ಮತ್ತು ತಾಂಜಾನಿಯಾದ 80 ಆಸ್ಪತ್ರೆಗಳಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಹೆರಿಗೆಗಳನ್ನು ಒಳಗೊಂಡ ಅಧ್ಯಯನದಲ್ಲಿ ಉಪಯೋಗಿಸಿದ ಉಪಕರಣ ಒಂದು ಪ್ಲಾಸ್ಟಿಕ್ ಹಾಳೆ. ಹೆತ್ತ ತಾಯಿಯ ಕೆಳಗೆ ಹಾಸುವ ಆ ಹಾಳೆಯ ತುದಿ ಚೀಲದಂತೆ ಇಳಿಬಿದ್ದಿರುತ್ತದೆ, ಅದರ ಮೇಲೆ ಅಳತೆಯ ಗೆರೆಗಳಿರುತ್ತವೆ. ರಕ್ತ 500 ಮಿಲಿಲೀಟರ್ ಗೆರೆ ಮುಟ್ಟಿತೆಂದರೆ ಯಾರೂ ಯಾರ ಅಪ್ಪಣೆಗೂ ಕಾಯುವಂತಿಲ್ಲ. ಗರ್ಭಕೋಶದ ನೀವುವಿಕೆ, ಗರ್ಭಕೋಶವನ್ನು ಬಿಗಿಗೊಳಿಸುವ ಆಕ್ಸಿಟೋಸಿನ್, ರಕ್ತಸ್ರಾವ ತಗ್ಗಿಸುವ ಟ್ರಾನೆಕ್ಸಾಮಿಕ್ ಆಮ್ಲ, ರಕ್ತನಾಳಕ್ಕೆ ದ್ರವ, ಗಾಯದ ಪರೀಕ್ಷೆ, ಇವೆಲ್ಲವೂ ಒಟ್ಟಿಗೇ ಶುರುವಾಗಬೇಕು. 2023ರಲ್ಲಿ ಪ್ರಕಟವಾದ ಫಲಿತಾಂಶದಂತೆ ಈ ಕ್ರಮದಿಂದ ತೀವ್ರ ರಕ್ತಸ್ರಾವದ ದುಷ್ಪರಿಣಾಮಗಳು ಶೇಕಡಾ 60ರಷ್ಟು ತಗ್ಗಿದವು. ಅದೇ 2023ರಲ್ಲಿ ಜಗತ್ತಿನಾದ್ಯಂತ ಬಸಿರು ಮತ್ತು ಹೆರಿಗೆಯ ಕಾರಣದಿಂದ ಸತ್ತ ತಾಯಂದಿರು ಸುಮಾರು 2 ಲಕ್ಷ 60 ಸಾವಿರ.

ಬಾಣಂತಿಯ ಮನಸ್ಸಿನ ಕಾಯಿಲೆಗಳ ಬಗ್ಗೆ ಫ್ರಾನ್ಸಿನ ಲೂಯಿ ವಿಕ್ಟರ್ ಮಾರ್ಸೆ 1858ರಲ್ಲೇ ಒಂದು ದೊಡ್ಡ ಗ್ರಂಥ ಬರೆದಿದ್ದರೂ, ಖಿನ್ನತೆಯನ್ನು ಅಳೆಯುವ ಹತ್ತು ಪ್ರಶ್ನೆಗಳ ಎಡಿನ್‌ಬರೋ ಪಟ್ಟಿ ಬರಲು 1987ರವರೆಗೆ ಕಾಯಬೇಕಾಯಿತು. ಹೆತ್ತ ಮೊದಲ ಕೆಲವು ದಿನಗಳ ಅಳು ತಾನಾಗಿ ಇಳಿಯುತ್ತದೆ; ಎರಡು ವಾರ ದಾಟಿಯೂ ಮಗುವಿನ ಮುಖ ನೋಡುವ ಮನಸ್ಸಾಗದಿದ್ದರೆ, ಬದುಕೇ ಬೇಡವೆನಿಸಿದರೆ ಅದು ಚಿಕಿತ್ಸೆ ಬೇಡುವ ಕಾಯಿಲೆ. ಹೆರಿಗೆಯ ಜೊತೆಗೇ ಮುಗಿದುಹೋಯಿತು ಎಂದುಕೊಳ್ಳುವ ಇನ್ನೆರಡು ತೊಂದರೆಗಳೂ ಮುಗಿದಿರುವುದಿಲ್ಲ. ಬಸಿರಿನಲ್ಲಿ ಕಾಣಿಸಿಕೊಂಡ ಸಕ್ಕರೆ ಕಾಯಿಲೆ ಮುಂದೆ ಶಾಶ್ವತ ಮಧುಮೇಹವಾಗುವ ಅಪಾಯವನ್ನು ಹಲವು ಪಟ್ಟು ಹೆಚ್ಚಿಸುತ್ತದೆ, ಬಸಿರಿನ ಏರಿದ ರಕ್ತದೊತ್ತಡ ಮುಂದಿನ ಹೃದಯರೋಗದ ಮುನ್ಸೂಚನೆಯಾಗಿರಬಹುದು. ನಲವತ್ತೈದರ ಹೆಂಗಸನ್ನು ಪರೀಕ್ಷಿಸುವ ವೈದ್ಯರು ಅವಳ ಬಸಿರು ಹೇಗಿತ್ತು ಎಂದು ಕೇಳಲೇಬೇಕು. ಕೇಳದಿದ್ದರೆ ಅವಳೇ ಹೇಳುವುದು ಒಳ್ಳೆಯದು.

ಮಧ್ಯವಯಸ್ಸಿನ ದೊಡ್ಡ ಗೆಲುವು ಗರ್ಭಕಂಠದ ಕ್ಯಾನ್ಸರ್ ವಿರುದ್ಧದ್ದು. ಗ್ರೀಸ್‌ನಿಂದ ನ್ಯೂಯಾರ್ಕಿಗೆ ವಲಸೆ ಬಂದ ಜಾರ್ಜ್ ಪಾಪನಿಕೊಲಾವ್ ಅವರು ಯೋನಿಸ್ರಾವದ ಕಣಗಳನ್ನು ಗಾಜಿನ ಪಟ್ಟಿಯ ಮೇಲೆ ಸವರಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತ, ಕ್ಯಾನ್ಸರ್ ಕಣಗಳನ್ನೂ ಹೀಗೆಯೇ ಗುರುತಿಸಬಹುದೆಂದು 1928ರಲ್ಲಿ ಹೇಳಿದಾಗ ಯಾರೂ ಕಿವಿಗೊಡಲಿಲ್ಲ. ಅವರ ಹೆಂಡತಿ ಆಂಡ್ರೊಮಾಕಿ ವರ್ಷಗಟ್ಟಲೆ ತಮ್ಮ ಮೈಯಿಂದಲೇ ಮಾದರಿಗಳನ್ನು ಕೊಟ್ಟು ಈ ಕೆಲಸಕ್ಕೆ ಆಧಾರವಾಗಿದ್ದರು; ‘ಪ್ಯಾಪ್’ ಪರೀಕ್ಷೆ ಎಂದು ಅದಕ್ಕೆ ಗಂಡನ ಹೆಸರು ಬಂದಿರುವಾಗ ಅವರನ್ನೂ ನೆನೆಯುವುದು ನ್ಯಾಯ. 1980ರ ದಶಕದಲ್ಲಿ ಹರಾಲ್ಡ್ ಜುರ್ ಹೌಸೆನ್ ಈ ಕ್ಯಾನ್ಸರಿಗೆ ಎಚ್‌ಪಿವಿ ವೈರಾಣು ಕಾರಣವೆಂದು ತೋರಿಸಿದರು, 2006ರಲ್ಲಿ ಲಸಿಕೆ ಬಂತು. ಹೀಗೆ ತಡೆಯಬಹುದಾದ ಈ ಕಾಯಿಲೆಯಿಂದ 2022ರಲ್ಲಿ ಸುಮಾರು ಮೂರೂವರೆ ಲಕ್ಷ ಹೆಂಗಸರು ಸತ್ತಿದ್ದಾರೆ.

ಇಷ್ಟಕ್ಕೂ ಹೆಣ್ಣಿನ ದೇಹದ ಅಳತೆಗಳು ವೈದ್ಯಶಾಸ್ತ್ರಕ್ಕೆ ಇಷ್ಟು ತಡವಾಗಿ ಸಿಕ್ಕಿದ್ದೇಕೆ? ಒಂದು ಕಾರಣ ಥ್ಯಾಲಿಡೊಮೈಡ್ ದುರಂತ. ಬಸುರಿಯರು ನುಂಗಿದ ಆ ಮಾತ್ರೆಯಿಂದ ಸಾವಿರಾರು ಮಕ್ಕಳು ಅಂಗವೈಕಲ್ಯದಿಂದ ಹುಟ್ಟಿದ ಮೇಲೆ, ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 1977ರಲ್ಲಿ ಮಕ್ಕಳಾಗಬಲ್ಲ ವಯಸ್ಸಿನ ಹೆಂಗಸರನ್ನು ಔಷಧ ಪ್ರಯೋಗಗಳ ಆರಂಭದ ಹಂತಗಳಿಂದ ಹೊರಗಿಡುವಂತೆ ಸೂಚಿಸಿತು. ಕಾಪಾಡುವ ಉದ್ದೇಶದಿಂದ ಹಾಕಿದ ಈ ಬೇಲಿ ಹೆಂಗಸರನ್ನು ಲೆಕ್ಕದಿಂದಲೇ ಹೊರಗಿಟ್ಟಿತು. ಆ ಸೂಚನೆ ರದ್ದಾದದ್ದು 1993ರಲ್ಲಿ. ನಿದ್ರೆಯ ಮಾತ್ರೆಯಾದ ಜೊಲ್ಪಿಡೆಮ್ ಹೆಂಗಸರ ಮೈಯಿಂದ ನಿಧಾನವಾಗಿ ಇಳಿಯುತ್ತದೆಂದು ಅವರ ಪ್ರಮಾಣವನ್ನು ಅರ್ಧಕ್ಕೆ ಇಳಿಸಿದ್ದು 2013ರಲ್ಲಿ, ಅಷ್ಟರಲ್ಲಿ ಅದು ಮಾರುಕಟ್ಟೆಗೆ ಬಂದು ಎರಡು ದಶಕಗಳಾಗಿದ್ದವು. ಹೃದಯರೋಗದ ಹೆಸರಾಂತ ಹಳೆಯ ಅಧ್ಯಯನವೊಂದರಲ್ಲಿ 12,866 ಮಂದಿಯಿದ್ದರು, ಎಲ್ಲರೂ ಗಂಡಸರೇ. ಹೆಂಗಸರ ಸಾವಿಗೆ ಜಗತ್ತಿನಲ್ಲಿ ಮೊದಲ ಕಾರಣ ಹೃದಯ ಮತ್ತು ರಕ್ತನಾಳಗಳ ಕಾಯಿಲೆ. ಎದೆನೋವಿನ ಜೊತೆಗೆ ಉಸಿರು ಕಟ್ಟುವುದು, ವಾಕರಿಕೆ, ದವಡೆ ಮತ್ತು ಬೆನ್ನಿನ ನೋವು, ವಿಪರೀತ ಸುಸ್ತು ಅವರಲ್ಲಿ ಹೆಚ್ಚಾಗಿ ಕಾಣುತ್ತವೆ. ಅದನ್ನು ಆತಂಕವೆಂದೋ ಹೊಟ್ಟೆಯುಬ್ಬರವೆಂದೋ ಮನೆಗೆ ಕಳಿಸಿದಾಗ ಹೋಗುವುದು ಜೀವ.

ಮುಟ್ಟು ನಿಲ್ಲುವ ಕಾಲಕ್ಕೆ ‘ಮೆನೋಪಾಸ್’ ಎಂಬ ಹೆಸರನ್ನು ಫ್ರಾನ್ಸಿನ ವೈದ್ಯ ಗಾರ್ದಾನ್ 1821ರಲ್ಲಿ ಕೊಟ್ಟ. 1942ರಲ್ಲಿ ಈಸ್ಟ್ರೊಜೆನ್ ಮಾತ್ರೆ ಅಮೆರಿಕದ ಮಾರುಕಟ್ಟೆಗೆ ಬಂದ ಮೇಲೆ, ಸಹಜ ಎನ್ನುವ ಒಂದು ಅತಿಯಿಂದ ಯೌವನ ಮರಳುತ್ತದೆ ಎನ್ನುವ ಇನ್ನೊಂದು ಅತಿಗೆ ಮಾತು ಹೊರಳಿತು. 2002ರಲ್ಲಿ 16,608 ಹೆಂಗಸರ ಅಧ್ಯಯನವೊಂದು, ಎರಡು ಹಾರ್ಮೋನುಗಳ ಜೋಡಿ ಚಿಕಿತ್ಸೆಯಿಂದ ಸ್ತನ ಕ್ಯಾನ್ಸರ್ ಹೆಚ್ಚುತ್ತದೆಂದು ಅರ್ಧದಲ್ಲೇ ನಿಂತಿತು, ಲಕ್ಷಾಂತರ ಮಂದಿ ಹೆದರಿ ಮಾತ್ರೆ ಬಿಟ್ಟರು. ಆ ಹೆಚ್ಚಳ ವರ್ಷಕ್ಕೆ ಹತ್ತು ಸಾವಿರ ಹೆಂಗಸರಲ್ಲಿ ಎಂಟು ಪ್ರಕರಣಗಳಷ್ಟು. ಅಧ್ಯಯನದಲ್ಲಿದ್ದವರ ಸರಾಸರಿ ವಯಸ್ಸು 63. ಅರವತ್ತರ ಒಳಗಿನವರಲ್ಲಿ, ಮುಟ್ಟು ನಿಂತು ಹತ್ತು ವರ್ಷ ದಾಟದವರಲ್ಲಿ, ಬೇರೆ ಅಡ್ಡಿಗಳಿಲ್ಲದಿದ್ದರೆ ಲಾಭವೇ ಹೆಚ್ಚು ಎಂಬ ವಿವರ ಜನರನ್ನು ತಲುಪಲು ಬಹಳ ವರ್ಷ ಹಿಡಿಯಿತು. ಆ ನಡುವಿನ ವರ್ಷಗಳಲ್ಲಿ ಮೈಯೆಲ್ಲ ಬೆಂಕಿಯಾಗಿ ಬೆವರಿ ಎದ್ದು ಕುಳಿತ ಹೆಂಗಸರಿಗೆ ಸಿಕ್ಕಿದ್ದು ಸಹಿಸಿಕೊಳ್ಳಿ ಎಂಬ ಹಳೆಯ ಮಾತೇ.

ಈಸ್ಟ್ರೊಜೆನ್ ಇಳಿದಂತೆ ಮೂಳೆಯೂ ಸವೆಯುತ್ತದೆ ಎಂದು ಫುಲ್ಲರ್ ಆಲ್‌ಬ್ರೈಟ್ 1940ರ ಸುಮಾರಿಗೆ ಗುರುತಿಸಿದ್ದರು, ಆದರೆ ಮೂಳೆಯ ಸಾಂದ್ರತೆ ಎಷ್ಟಕ್ಕಿಳಿದರೆ ಅದನ್ನು ಆಸ್ಟಿಯೊಪೊರೋಸಿಸ್ ಎನ್ನಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಗೆರೆ ಎಳೆದದ್ದು 1994ರಲ್ಲಿ. ಬೆನ್ನುಮೂಳೆಯ ಮುರಿತಗಳಲ್ಲಿ ಹೆಚ್ಚಿನವು ಬೀಳದೆ, ಏಟು ತಗುಲದೆ, ಗಮನಕ್ಕೇ ಬಾರದೆ ಆಗಿಹೋಗುತ್ತವೆ; ಬೆನ್ನು ಬಾಗುವುದು ಬರೀ ವಯಸ್ಸಿನಿಂದಲ್ಲ, ಎಷ್ಟೋ ಸಲ ಒಂದರ ಮೇಲೊಂದು ಕುಸಿದ ಈ ಮೂಳೆಗಳಿಂದ. ಯೌವನದ ಎತ್ತರಕ್ಕಿಂತ 4 ಸೆಂಟಿಮೀಟರ್ ಅಥವಾ ಅದಕ್ಕೂ ಹೆಚ್ಚು ಕುಗ್ಗಿದ್ದರೆ ಬೆನ್ನಿನ ಎಕ್ಸ್‌ರೇ ಮಾಡಿಸಬೇಕು ಎನ್ನುತ್ತಾರೆ ತಜ್ಞರು. ಎತ್ತರ ಅಳೆಯಲು ಯಂತ್ರ ಬೇಡ, ಒಂದು ಗೋಡೆ ಮತ್ತು ಒಂದು ಟೇಪು ಸಾಕು. ಆದರೆ ಇಪ್ಪತ್ತೈದರ ವಯಸ್ಸಿನಲ್ಲಿ ತನ್ನ ಎತ್ತರ ಎಷ್ಟಿತ್ತೆಂದು ಆಕೆ ಎಲ್ಲಾದರೂ ಬರೆದಿಟ್ಟುಕೊಂಡಿರಬೇಕು.