ಟ್ಯೂಬಿನ ಮೇಲೆ ಒಂದು ಹೆಸರು, ಒಳಗೆ ಇನ್ನೊಂದು

ಬ್ಯಾಕ್ಟೀರಿಯಾ ಬೆರೆಸಿದ ನೀರಿಗೆ ಕತ್ತರಿ ಅದ್ದುತ್ತಾರೆ. ಅದೇ ಕತ್ತರಿಯಲ್ಲಿ ಭತ್ತದ ಎಲೆಯ ತುದಿ ಕತ್ತರಿಸುತ್ತಾರೆ. ಸುಮಾರು ಎರಡು ವಾರ ಬಿಟ್ಟು ಸ್ಕೇಲ್ ಹಿಡಿದು, ತುದಿಯಿಂದ ಕೆಳಗೆ ಎಲೆ ಎಷ್ಟು ಉದ್ದ ಒಣಗಿದೆ ಅಂತ ಅಳೆಯುತ್ತಾರೆ. ದುಂಡಾಣು ಅಂಗಮಾರಿ ರೋಗವನ್ನು ಪರೀಕ್ಷಿಸುವ ವಿಧಾನ ಇಷ್ಟು ಸರಳ. ಗಂಗಾವತಿ, ಸಿಂಧನೂರು ಕಡೆಯ ರೈತರಿಗೆ ಈ ರೋಗ ಚೆನ್ನಾಗಿ ಗೊತ್ತು. ಹಸಿರಾಗಿದ್ದ ಗದ್ದೆ ಕೆಲವೇ ದಿನಗಳಲ್ಲಿ ಹುಲ್ಲಿನ ಬಣ್ಣಕ್ಕೆ ತಿರುಗಿಬಿಡುತ್ತದೆ.

ಕೆಲವು ಗಿಡಗಳಲ್ಲಿ ಮಾತ್ರ ಎಲೆ ತುದಿಯಲ್ಲೇ ಒಣಗಿ ನಿಂತುಬಿಡುತ್ತದೆ. ಅಂಥ ಕೆಲವು ಗಿಡಗಳಲ್ಲಿ ಎಕ್ಸ್‌ಎ21 ಎಂಬ ಜೀನ್ ಇರುತ್ತದೆ. ಇದು ಆಫ್ರಿಕಾದ ಮಾಲಿ ದೇಶದ ಕಾಡುಭತ್ತದಿಂದ ಬಂದದ್ದು. 1995ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕ್ಯಾಂಪಸ್‌ನ ಪಮೇಲಾ ರೊನಾಲ್ಡ್ ಅವರ ತಂಡ ಈ ಜೀನ್ ಅನ್ನು ಬೇರ್ಪಡಿಸಿತು. 2008ರಲ್ಲಿ ಹೈದರಾಬಾದಿನ ವಿಜ್ಞಾನಿಗಳು ಬಿಡುಗಡೆ ಮಾಡಿದ ಸುಧಾರಿತ ಸಾಂಬಾ ಮಸೂರಿ ಭತ್ತದಲ್ಲೂ ಇನ್ನೆರಡು ಜೀನ್‌ಗಳ ಜೊತೆ ಇದು ಇದೆ.

ಆದರೆ ಒಂದು ಪ್ರಶ್ನೆ ಉಳಿದಿತ್ತು. ಮನೆಯ ನಾಯಿ ಕಳ್ಳನನ್ನು ಕಂಡು ಬೊಗಳುತ್ತದೆ, ಸರಿ. ಯಾವ ವಾಸನೆ ಹಿಡಿದು? ಎಕ್ಸ್‌ಎ21 ಇರುವ ಗಿಡ ಬ್ಯಾಕ್ಟೀರಿಯಾವನ್ನು ಗುರುತಿಸುವುದು ಯಾವ ಗುರುತಿನಿಂದ? 2009ರಲ್ಲಿ ರೊನಾಲ್ಡ್ ಅವರ ತಂಡ ‘ಸೈನ್ಸ್’ ಪತ್ರಿಕೆಯಲ್ಲಿ ಉತ್ತರ ಕೊಟ್ಟಿತು: ಬ್ಯಾಕ್ಟೀರಿಯಾದ ಎಎಕ್ಸ್21 ಎಂಬ ಪ್ರೊಟೀನ್. 2011ರಲ್ಲಿ ‘ಪ್ಲಾಸ್ ಒನ್’ ಪತ್ರಿಕೆಯಲ್ಲಿ ಅದರ ಮುಂದಿನ ಭಾಗ ಬಂತು.

ಆಮೇಲೆ ಲ್ಯಾಬ್‌ಗೆ ಹೊಸಬರು ಸೇರಿದರು. ಹಳೆಯ ಪ್ರಯೋಗವನ್ನೇ ಮತ್ತೆ ಮಾಡಿದರು. ಫಲಿತಾಂಶ ಬರಲಿಲ್ಲ. ಇನ್ನೊಮ್ಮೆ ಮಾಡಿದರೂ ಬರಲಿಲ್ಲ. ಇಂಥ ಹೊತ್ತಿನಲ್ಲಿ ‘ಹೊಸಬರು, ಕೈ ಪಳಗಿಲ್ಲ’ ಅಂದುಬಿಡುವುದು ತುಂಬಾ ಸುಲಭ, ಅಲ್ವಾ? ರೊನಾಲ್ಡ್ ಹಾಗೆ ತಳ್ಳಿಹಾಕಲಿಲ್ಲ. ಬ್ಯಾಕ್ಟೀರಿಯಾ ತಳಿಗಳನ್ನು ಒಂದೊಂದಾಗಿ ತೆಗೆದು, ಡಿಎನ್‌ಎ ನೋಡಿ ಪರೀಕ್ಷಿಸಿದರು. ಆಗ ವಿಷಯ ಹೊರಬಿತ್ತು. ಕೆಲವು ತಳಿಗಳು ಅದಲುಬದಲಾಗಿದ್ದವು. ಟ್ಯೂಬಿನ ಮೇಲೆ ಬರೆದದ್ದು ಒಂದು, ಒಳಗಿದ್ದದ್ದು ಇನ್ನೊಂದು. ಜೊತೆಗೆ, ಪ್ರೊಟೀನ್ ಪರೀಕ್ಷೆಯ ಫಲಿತಾಂಶವೂ ಒಂದೊಂದು ಸಲ ಒಂದೊಂದು ಥರ ಬರುತ್ತಿತ್ತು.

2013ರಲ್ಲಿ ಅವರು ಎರಡೂ ಲೇಖನಗಳನ್ನು ವಾಪಸ್ ಪಡೆದರು. ಸುಮ್ನೆ ಎರಡು ಸಾಲಿನ ಪ್ರಕಟಣೆ ಕೊಟ್ಟು ಕೈತೊಳೆದುಕೊಳ್ಳಲಿಲ್ಲ. ಎಲ್ಲಿ ಎಡವಿದೆವು, ಹೇಗೆ ಪತ್ತೆ ಹಚ್ಚಿದೆವು ಎಂದು ಎಲ್ಲರಿಗೂ ತಿಳಿಯುವಂತೆ ಬರೆದರು. ಹೆಸರು, ಅನುದಾನ, ವಿದ್ಯಾರ್ಥಿಗಳ ಮುಂದಿನ ದಾರಿ, ಎಲ್ಲವೂ ಇಂಥ ಲೇಖನಗಳ ಮೇಲೆ ನಿಂತಿರುತ್ತವೆ. ಅದಕ್ಕೇ, ಮೊದಲು ಕಂಡುಹಿಡಿದವರಿಗೆ ಕೊಡುವಷ್ಟೇ ಗೌರವವನ್ನು ಹೀಗೆ ತಿದ್ದಿಕೊಂಡವರಿಗೂ ಕೊಡಬೇಕು ಅನ್ನುತ್ತೇನೆ ನಾನು.

ಇನ್ನೊಂದು ಮಾತು. ಲೇಖನ ವಾಪಸ್ ಆಯಿತು ಅಂದರೆ ಎಲ್ಲವೂ ಸುಳ್ಳು ಅಂತ ತಿಳಿಯಬಾರದು. ಎಕ್ಸ್‌ಎ21 ಜೀನ್ ಆಗಲೂ ಕೆಲಸ ಮಾಡುತ್ತಿತ್ತು, ಈಗಲೂ ಮಾಡುತ್ತದೆ. ಗದ್ದೆಯ ಭತ್ತಕ್ಕೆ ಏನೂ ಆಗಲಿಲ್ಲ. ತಪ್ಪಿದ್ದದ್ದು ಅದು ಏನನ್ನು ಗುರುತಿಸುತ್ತದೆ ಎಂಬ ವಿವರಣೆ.

ಎಲ್ಲ ತಪ್ಪಿಗೂ ಇಷ್ಟು ದೊಡ್ಡ ಹೆಜ್ಜೆ ಬೇಕಿಲ್ಲ. ಒಂದು ಅಂಕಿಯೋ ಚಿತ್ರದ ಹೆಸರೋ ತಪ್ಪಿದ್ದರೆ ತಿದ್ದುಪಡಿ ಸಾಕು, ಹಳೆಯ ಪುಸ್ತಕಗಳ ಕೊನೆಯ ತಪ್ಪು-ಒಪ್ಪು ಪಟ್ಟಿಯ ಹಾಗೆ. ಅನುಮಾನವಿದ್ದು ವಿಚಾರಣೆ ಮುಗಿಯದಿದ್ದರೆ, ಪತ್ರಿಕೆ ಮೊದಲು ಒಂದು ಎಚ್ಚರಿಕೆಯ ಟಿಪ್ಪಣಿ ಹಾಕುತ್ತದೆ. ಮುಖ್ಯ ತೀರ್ಮಾನವನ್ನೇ ನಂಬಲಾಗದಿದ್ದಾಗ ವಾಪಸಾತಿ. ಆಗಲೂ ಲೇಖನವನ್ನು ಸಾಮಾನ್ಯವಾಗಿ ಅಳಿಸುವುದಿಲ್ಲ. ವಾಪಸ್ ಪಡೆಯಲಾಗಿದೆ ಎಂಬ ಗುರುತು ಹೊತ್ತು ಅದು ಅಲ್ಲೇ ಇರುತ್ತದೆ.

ನನಗೆ ಜಾಸ್ತಿ ಚಿಂತೆ ತರುವುದು ಇದರ ಮುಂದಿನ ಕಥೆ. ನೀವು ಐದು ವರ್ಷದ ಹಿಂದೆ ಡೌನ್‌ಲೋಡ್ ಮಾಡಿಟ್ಟ ಪಿಡಿಎಫ್‌ಗೆ ಈ ಗುರುತು ತಾನಾಗಿ ಬಂದು ಕೂರುವುದಿಲ್ಲ. ಅದನ್ನೇ ಓದಿ, ಅದನ್ನೇ ಉಲ್ಲೇಖಿಸಿ, ಇನ್ನೊಬ್ಬರು ಲೇಖನ ಬರೆಯುತ್ತಾರೆ. ಅದನ್ನು ಮತ್ತೊಬ್ಬರು ನಂಬುತ್ತಾರೆ. ವಾಪಸ್ ಪಡೆದ ಲೇಖನಗಳು ಹೀಗೆ ವರ್ಷಗಟ್ಟಲೆ ಉಲ್ಲೇಖವಾಗುತ್ತಲೇ ಇರುತ್ತವೆ. ತಪ್ಪು ಹೋದ ಮನೆಗೆಲ್ಲ ತಿದ್ದುಪಡಿ ಹೋಗುವುದಿಲ್ಲ.

ಇದಕ್ಕೆ ದಾರಿ ಇದೆ. ಈಗಿನ ಬಹಳಷ್ಟು ಪಿಡಿಎಫ್‌ಗಳ ಮೊದಲ ಪುಟದಲ್ಲಿ ಕ್ರಾಸ್‌ಮಾರ್ಕ್ ಎಂಬ ಪುಟ್ಟ ಬಟನ್ ಇರುತ್ತದೆ. ಒತ್ತಿದರೆ ಆ ಲೇಖನ ಇವತ್ತು ಯಾವ ಸ್ಥಿತಿಯಲ್ಲಿದೆ ಎಂದು ತಿಳಿಯುತ್ತದೆ. ಉಲ್ಲೇಖಗಳನ್ನು ಜೋಡಿಸಿಡುವ ಝೊಟೆರೊ ತಂತ್ರಾಂಶ, ನಿಮ್ಮ ಪಟ್ಟಿಯಲ್ಲಿ ವಾಪಸಾದ ಲೇಖನವಿದ್ದರೆ ತಾನೇ ಎಚ್ಚರಿಸುತ್ತದೆ. ಅದು ನೋಡುವುದು 2010ರಲ್ಲಿ ಇಬ್ಬರು ಪತ್ರಕರ್ತರು ಶುರುಮಾಡಿದ ರಿಟ್ರಾಕ್ಷನ್ ವಾಚ್‌ನ ದಾಖಲೆಯನ್ನು. ಪ್ರಬಂಧ ಬರೆಯುತ್ತಿರುವ ವಿದ್ಯಾರ್ಥಿಗಳು ದಯವಿಟ್ಟು ಒಂದು ಸಲ ನೋಡಿಕೊಳ್ಳಿ. ಐದು ನಿಮಿಷದ ಕೆಲಸ.

ಇಷ್ಟಕ್ಕೂ ಭತ್ತದ ಗಿಡ ಹಿಡಿಯುತ್ತಿದ್ದ ಆ ‘ವಾಸನೆ’ ಯಾವುದು? ಉತ್ತರ 2015ರಲ್ಲಿ ಸಿಕ್ಕಿತು, ಅದೂ ರೊನಾಲ್ಡ್ ಅವರ ತಂಡಕ್ಕೇ. ರ್‍ಯಾಕ್ಸ್‌ಎಕ್ಸ್ ಎಂಬ ಪುಟಾಣಿ ಪ್ರೊಟೀನ್. ಅದರ ಜೀನ್ ಇದ್ದದ್ದು ಅವರು ಎಷ್ಟೋ ವರ್ಷದಿಂದ ಅಭ್ಯಾಸ ಮಾಡುತ್ತಿದ್ದ ಜೀನ್‌ಗಳ ಪಕ್ಕದಲ್ಲೇ. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದಂತಾಗಿತ್ತು. ಈ ಸಲ ಆ ಜೀನ್ ತೆಗೆದುಹಾಕಿದ ಬ್ಯಾಕ್ಟೀರಿಯಾವನ್ನು ಹಾಕಿದಾಗ, ಎಕ್ಸ್‌ಎ21 ಇದ್ದ ಗಿಡಕ್ಕೆ ಗುರುತು ಸಿಗಲಿಲ್ಲ. ಅದರ ಎಲೆಯೂ ತುದಿಯಿಂದ ಕೆಳಗೆ ಉದ್ದಕ್ಕೆ ಒಣಗಿತು.