ಶಿನ್‌ಯೂ: ಗುಟ್ಟು ತಿಳಿಯದ ಸಖಿ ಒಸಾಕಾ ನರು

ಜಪಾನಿ ಭಾಷೆಯಲ್ಲಿ ಸ್ನೇಹಿತರಿಗೆ 'ತೊಮೊದಾಚಿ' ಎಂಬ ಪದವಿದೆ. ಆ ಸ್ನೇಹಿತರಲ್ಲೇ ಅತ್ಯಂತ ಹತ್ತಿರದವರನ್ನು 'ಶಿನ್‌ಯೂ' ಎನ್ನುತ್ತಾರೆ. ಇದನ್ನು ಬರೆಯಲು ಬಳಸುವ ಎರಡು ಅಕ್ಷರಗಳಲ್ಲಿ ಎರಡನೆಯದು ಗೆಳೆತನವನ್ನು ಸೂಚಿಸಿದರೆ, ಮೊದಲನೆಯದು ನಿಕಟತೆಯನ್ನೂ ಬೇರೆ ಸಂದರ್ಭಗಳಲ್ಲಿ ತಂದೆತಾಯಿಯನ್ನೂ ಸೂಚಿಸುತ್ತದೆ. ಕನ್ನಡದ 'ಜೀವದ ಗೆಳತಿ' ಇದಕ್ಕೆ ಸಮೀಪದ ಮಾತು. ಹುಡುಗಿಯರಿಗಾಗಿ ಬರೆಯಲಾಗುವ ಮಾಂಗಾ, ಅಂದರೆ ಜಪಾನಿ ಚಿತ್ರಕಥೆಗಳಲ್ಲಿ ನಾಯಕಿಗೆ ಇಂಥ ಒಬ್ಬ ಗೆಳತಿ ಇರುವುದು ಸಾಮಾನ್ಯವಾದರೂ, ಆ ಪಾತ್ರದ ಅಳತೆ ರೂಪಾಂತರದಿಂದ ರೂಪಾಂತರಕ್ಕೆ ಎಷ್ಟು ಬದಲಾಗಬಲ್ಲದು ಎಂಬುದನ್ನು 'ಸೈಲರ್ ಮೂನ್' ಸರಣಿಯ ಒಸಾಕಾ ನರುವಿನಷ್ಟು ಸ್ಪಷ್ಟವಾಗಿ ತೋರಿಸುವವರು ಕಡಿಮೆ.

ನವೊಕೊ ತಾಕೆಉಚಿ ರಚಿಸಿದ ಈ ಮಾಂಗಾ 1991ರ ಕೊನೆಯಿಂದ 1997ರವರೆಗೆ ಕೊದಾನ್ಶಾ ಸಂಸ್ಥೆಯ 'ನಕಯೊಶಿ' ಮಾಸಿಕದಲ್ಲಿ ಪ್ರಕಟವಾಯಿತು. ಟೋಕಿಯೊದ ಅಜಾಬು ಜೂಬಾನ್ ಪ್ರದೇಶದಲ್ಲಿ ವಾಸಿಸುವ ಹದಿನಾಲ್ಕರ ಹುಡುಗಿ ತ್ಸುಕಿನೊ ಉಸಾಗಿ ಇದರ ನಾಯಕಿ. ನರು ಅವಳ ಸಹಪಾಠಿ, ಆಭರಣದಂಗಡಿ ನಡೆಸುವ ತಾಯಿಯ ಮಗಳು. ಮೊದಲ ಅಧ್ಯಾಯದಲ್ಲಿ ಆ ತಾಯಿಯ ರೂಪ ತಾಳಿದ ರಾಕ್ಷಸಿಯೊಂದು ನರುವಿನ ಮೇಲೆ ಎರಗಿದಾಗ, ಅಳುಬುರುಕಿಯೂ ಸೋಮಾರಿಯೂ ಆದ ಉಸಾಗಿ ಮೊತ್ತಮೊದಲ ಬಾರಿಗೆ ಮಾಂತ್ರಿಕ ಶಕ್ತಿಯ ಯೋಧೆ ಸೈಲರ್ ಮೂನ್ ಆಗಿ ಬದಲಾಗಿ ಯುದ್ಧಕ್ಕಿಳಿಯುತ್ತಾಳೆ. ಲೋಕವನ್ನು ಕಾಯುವ ಹೊಣೆಯಾಗಲಿ, ಪೂರ್ವಜನ್ಮದಲ್ಲಿ ಚಂದ್ರಲೋಕದ ರಾಜಕುಮಾರಿಯಾಗಿದ್ದ ನೆನಪಾಗಲಿ ಆಗಿನ್ನೂ ಅವಳಿಗಿಲ್ಲ; ಗೆಳತಿ ಅಪಾಯದಲ್ಲಿದ್ದಾಳೆ ಎಂಬುದಷ್ಟೇ ಅವಳನ್ನು ಎಬ್ಬಿಸುತ್ತದೆ.

ಇವರಿಬ್ಬರ ಸಲಿಗೆ ಕರೆಯುವ ಬಗೆಯಲ್ಲೇ ಕೇಳಿಸುತ್ತದೆ. ಉಸಾಗಿ ಅವಳನ್ನು 'ನರು-ಚಾನ್' ಎಂದು ಮುದ್ದಿನ ಪ್ರತ್ಯಯ ಸೇರಿಸಿ ಕರೆದರೆ, ನರು ಯಾವ ಪ್ರತ್ಯಯವೂ ಇಲ್ಲದೆ ನೇರವಾಗಿ 'ಉಸಾಗಿ' ಎನ್ನುತ್ತಾಳೆ. ಜಪಾನಿನಲ್ಲಿ ಬರಿಯ ಹೆಸರು ಹಿಡಿದು ಕರೆಯುವುದು ಒಂದೋ ಒರಟುತನ, ಇಲ್ಲವೇ ಗಾಢವಾದ ಸಲಿಗೆ. ಕನ್ನಡದಲ್ಲಿ ಗೆಳತಿಯರು 'ಬಾರೇ', 'ಹೋಗೇ' ಎಂದು ಏಕವಚನದಲ್ಲಿ ಮಾತನಾಡಿಕೊಳ್ಳುವುದಕ್ಕೆ ಇದನ್ನು ಹೋಲಿಸಬಹುದು.

ಆದರೆ ನಮ್ಮ ಹಳೆಯ ನಾಟಕಗಳ ಸಖಿಗೂ ನರುವಿಗೂ ಒಂದು ಮೂಲಭೂತ ವ್ಯತ್ಯಾಸವಿದೆ. ಸಖಿ ನಾಯಕಿಯ ಅಂತರಂಗವನ್ನೆಲ್ಲ ಬಲ್ಲವಳು, ಅವಳ ಪ್ರೇಮದ ಓಲೆಯನ್ನು ಒಯ್ಯುವವಳು. ನರುವಾದರೋ, ಉಸಾಗಿಯೇ ಸೈಲರ್ ಮೂನ್ ಎಂಬ, ನಾಯಕಿಯ ಬದುಕಿನ ಅತಿ ದೊಡ್ಡ ಗುಟ್ಟು ತಲುಪಬಾರದ ಗೆಳತಿ. ಆ ಗುಟ್ಟನ್ನು ಹಂಚಿಕೊಳ್ಳಲು ಅಮಿ, ರೇಇ, ಮಕೊತೊ, ಮಿನಾಕೊ ಎಂಬ ಯೋಧೆಯರು ಒಬ್ಬೊಬ್ಬರಾಗಿ ಬಂದು ಸೇರುತ್ತಿದ್ದಂತೆ, ಶಿನ್‌ಯೂ ಎಂಬ ಸ್ಥಾನ ಅವಳ ಕೈಯಿಂದ ಸದ್ದಿಲ್ಲದೆ ಜಾರುತ್ತದೆ. ಜಪಾನಿ ಉಚ್ಚಾರಣೆಯಲ್ಲಿ ಅವಳ ಹೆಸರಿನ 'ನ' ಹ್ರಸ್ವ. ಕನ್ನಡದ ನಾಲಿಗೆ ಅದನ್ನು ಎಳೆದು 'ನಾರು' ಮಾಡಿದರೆ, ಹೂವಿನ ಜೊತೆ ನಾರೂ ಸ್ವರ್ಗ ಸೇರಿತೆಂಬ ಗಾದೆ ನೆನಪಾಗದಿರದು. ಈ ಕಥೆಯಲ್ಲಿ ಮಾತ್ರ ಹೂವು ಚಂದ್ರಲೋಕದ ರಾಜಕುಮಾರಿಯಾಯಿತು, ನಾರು ಶಾಲೆಯ ಬೆಂಚಿನಲ್ಲೇ ಉಳಿಯಿತು.

ತೊಯೆಇ ಆನಿಮೇಶನ್ ತಯಾರಿಸಿದ, 1992ರ ಮಾರ್ಚ್‌ನಿಂದ 1997ರ ಫೆಬ್ರವರಿಯವರೆಗೆ 200 ಕಂತುಗಳಲ್ಲಿ ಪ್ರಸಾರವಾದ ಅನಿಮೆ (ಜಪಾನಿ ಆನಿಮೇಶನ್) ಸರಣಿ ಈ ಪಾತ್ರಕ್ಕೆ ಅತ್ಯಂತ ಉದಾರವಾಗಿ ನಡೆದುಕೊಂಡಿತು. ತಿಂಗಳಿಗೊಮ್ಮೆ ಬರುವ ಮಾಂಗಾವನ್ನು ವಾರಕ್ಕೊಮ್ಮೆ ಬರುವ ಅನಿಮೆಯಾಗಿಸುವಾಗ ಮೂಲದಲ್ಲಿಲ್ಲದ ಕಥೆಗಳನ್ನು ಹೆಣೆಯಲೇಬೇಕಾಗುತ್ತದೆ. ಹಾಗೆ ಹೆಣೆದವುಗಳಲ್ಲಿ ನರುವಿನ ಪ್ರೇಮಕಥೆಯೂ ಒಂದು. ಮೂಲದಲ್ಲಿ ಶತ್ರುಪಾಳಯದ ನೆಫ್ರೈಟ್, ಮಕೊತೊಳ ಯೋಧೆಯ ರೂಪವಾದ ಸೈಲರ್ ಜುಪಿಟರ್‌ಳ ಮೊದಲ ಕಾಳಗದಲ್ಲೇ ಹತನಾಗುತ್ತಾನೆ, ನರುವಿಗೂ ಅವನಿಗೂ ಯಾವ ಪ್ರೇಮವೂ ಇಲ್ಲ. ಅನಿಮೆಯಲ್ಲಿ ಅವನು ಸಂಜೋಇನ್ ಮಸಾತೊ ಎಂಬ ಶ್ರೀಮಂತನ ವೇಷದಲ್ಲಿ ಅವಳ ಮನಸ್ಸು ಗೆದ್ದು, ಅವಳನ್ನು ತನ್ನ ಕಾರ್ಯಕ್ಕೆ ಬಳಸಿಕೊಂಡು, ಕೊನೆಗೆ ಅವಳನ್ನು ಉಳಿಸುವುದಕ್ಕಾಗಿ 24ನೆಯ ಕಂತಿನಲ್ಲಿ ಪ್ರಾಣ ಬಿಡುತ್ತಾನೆ. ಅವನು ಸಾಯುವ ಮುನ್ನ ಇಬ್ಬರ ನಡುವೆ ಬರುವುದು ಜೊತೆಯಲ್ಲಿ ಚಾಕೊಲೇಟ್ ಪರ್ಫೇ ಎಂಬ ಐಸ್‌ಕ್ರೀಮ್ ಸಿಹಿ ತಿನ್ನುವ ಮಾತು. ಮಕ್ಕಳ ಸರಣಿಯೊಂದರಲ್ಲಿ ಖಳನ ಸಾವು ಇಷ್ಟು ಆಪ್ತವಾಗಿ ತಟ್ಟುವುದಕ್ಕೆ, ಅಳುತ್ತಿರುವವಳು ಯೋಧೆಯಲ್ಲದ ಸಾಮಾನ್ಯ ಹುಡುಗಿ ಎಂಬುದೇ ಕಾರಣ ಎಂದು ನನಗನ್ನಿಸುತ್ತದೆ. ಸರಿಯಾಗಿ ಮುಂದಿನ ಕಂತಿನಲ್ಲಿಯೇ ಮಕೊತೊ, ಅಂದರೆ ಜುಪಿಟರ್, ಶಾಲೆಗೆ ಬಂದು ಸೇರುತ್ತಾಳೆ; ಅದರ ಮುಂದಿನ 26ನೆಯ ಕಂತು ನರುವಿನ ಮುಖದಲ್ಲಿ ನಗು ಮರಳಿಸಲು ಉಸಾಗಿ ಪಡುವ ಪಾಡಿಗೆ ಮೀಸಲಾಗಿದೆ. ಆಮೇಲೆ ದಪ್ಪ ಕನ್ನಡಕದ ಸಹಪಾಠಿ ಉಮಿನೊ ಅವಳ ಸಂಗಾತಿಯಾಗುತ್ತಾನೆ, ಮತ್ತು ಮುಂದಿನ ಭಾಗಗಳಲ್ಲಿ ಅವಳು ಕ್ರಮೇಣ ಕಾಣೆಯಾಗುತ್ತಾಳೆ.

1995ರಲ್ಲಿ ಬಂದ ಉತ್ತರ ಅಮೆರಿಕದ ಇಂಗ್ಲಿಷ್ ಡಬ್ಬಿಂಗ್‌ನಲ್ಲಿ ಉಸಾಗಿ ಸೆರೆನಾ ಆದಂತೆ ನರು ಮೋಲಿ ಆದಳು, ಉಮಿನೊ ಮೆಲ್ವಿನ್ ಆದ. ಮೋಲಿಗೆ ನ್ಯೂಯಾರ್ಕಿನ ಬ್ರೂಕ್ಲಿನ್ ಭಾಗದ ಎದ್ದು ಕಾಣುವ ಮಾತಿನ ರಾಗವನ್ನೂ ಕೊಡಲಾಯಿತು. ಆ ಪೀಳಿಗೆಯ ವೀಕ್ಷಕರು ಅವಳನ್ನು ಮುಖಕ್ಕಿಂತ ದನಿಯಿಂದಲೇ ನೆನಪಿಟ್ಟುಕೊಂಡಿದ್ದಾರೆ. 2014ರಿಂದ ವಿಜ್ ಸಂಸ್ಥೆ ಹೊರತಂದ ಹೊಸ ಡಬ್ಬಿಂಗ್ ಮೂಲದ ಹೆಸರುಗಳನ್ನು ಉಳಿಸಿಕೊಂಡಿತು.

2003ರ ಅಕ್ಟೋಬರ್‌ನಿಂದ ಒಂದು ವರ್ಷ ಪ್ರಸಾರವಾದ, ನಟನಟಿಯರೇ ಅಭಿನಯಿಸಿದ ಟಿವಿ ಸರಣಿಯಲ್ಲಿ ಚಿಎಕೊ ಕವಾಬೆ ಈ ಪಾತ್ರವನ್ನು ನಿರ್ವಹಿಸಿದರು. ಇಲ್ಲಿಯ ನರು ಹೆಚ್ಚು ದಿಟ್ಟೆ. ಮಾತು ಕಡಿಮೆಯ ಅಮಿಯೊಂದಿಗೆ ಅವಳ ಸಂಬಂಧ ಸರಾಗವಾಗಿ ಸಾಗುವುದಿಲ್ಲ. ಹಳೆಯ ಗೆಳತಿ ಮತ್ತು ಹೊಸ ಗೆಳತಿಯರ ನಡುವಿನ, ಬೇರೆ ರೂಪಾಂತರಗಳು ಮಾತೇ ಎತ್ತದ ಇರಿಸುಮುರಿಸನ್ನು ಈ ಸರಣಿ ಕಥೆಯೊಳಗೆ ತಂದಿತು.

2014ರ ಜುಲೈಯಲ್ಲಿ ಆರಂಭವಾದ 'ಸೈಲರ್ ಮೂನ್ ಕ್ರಿಸ್ಟಲ್' ಮಾಂಗಾಕ್ಕೆ ನಿಷ್ಠವಾಗಿರಲು ಹೊರಟದ್ದರಿಂದ ನರುವಿನ ಪಾತ್ರ ಮತ್ತೆ ಮೊದಲಿನ ಅಳತೆಗೆ ಇಳಿಯಿತು. ಹಳೆಯ ಅನಿಮೆಯನ್ನು ನೋಡಿ ಬಂದವರು ಸಂಜೋಇನ್ ಮತ್ತು ನರುವಿನ ಕಥೆಗಾಗಿ ಕಾದರೆ ಅಲ್ಲಿ ಸಿಗುವುದು ಬೇರೆಯೇ ಜೋಡಿ: ಪೂರ್ವಜನ್ಮದಲ್ಲಿ ನೆಫ್ರೈಟ್ ಒಲಿದದ್ದು ಜುಪಿಟರ್‌ಗೆ. ಚಾಕೊಲೇಟ್ ಪರ್ಫೇಯ ಮಾತು ಅಲ್ಲಿ ಬರುವುದೇ ಇಲ್ಲ.